ಅಧ್ಯಕ್ಷರ ಡೈರಿ ಓದಿದರೆ ಸಾಕೇ?

ಓದುಗರ ಪ್ರಶ್ನೆ: ಅಮೆರಿಕದ ಮಾಜಿ ಅಧ್ಯಕ್ಷರ ಡೈರಿ, ಪತ್ರಗಳು ಈಗ ಮನೆಯಲ್ಲೇ ಕೂತು ಓದಲು ಸಿಗುತ್ತವೆ. ಅವರೇ ಕೈಯಾರೆ ಬರೆದದ್ದು ಇರುವಾಗ ಬೇರೆ ಕಾಗದಗಳನ್ನು ಯಾಕೆ ಹುಡುಕಬೇಕು?

ಎರಡನೇ ಮಹಾಯುದ್ಧ ಮುಗಿಯುವಾಗ ಅಮೆರಿಕದ ಅಧ್ಯಕ್ಷರಾಗಿದ್ದ ಹ್ಯಾರಿ ಟ್ರೂಮನ್ ಅವರ ಒಂದೇ ಒಂದು ದಿನವನ್ನು ನೋಡೋಣ. 1945ರ ಜುಲೈ 25. ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿ ಚರ್ಚಿಲ್, ಸ್ಟಾಲಿನ್ ಜೊತೆ ಸಭೆ ನಡೆಯುತ್ತಿತ್ತು. ಆ ದಿನ ಟ್ರೂಮನ್ ಡೈರಿಯಲ್ಲಿ ಅಣುಬಾಂಬಿನ ಬಗ್ಗೆ ಬರೆದರು. ಸೈನಿಕರು, ನಾವಿಕರು ಮಾತ್ರ ಗುರಿಯಾಗಬೇಕು, ಹೆಂಗಸರು ಮಕ್ಕಳಲ್ಲ ಎಂದು ಯುದ್ಧ ಸಚಿವ ಸ್ಟಿಮ್ಸನ್‌ಗೆ ಹೇಳಿದ್ದೇನೆ ಎಂಬುದು ಆ ಟಿಪ್ಪಣಿಯಲ್ಲಿದೆ. ಇಷ್ಟನ್ನೇ ಓದಿ ಮುಚ್ಚಿಟ್ಟರೆ ಮನಸ್ಸಿಗೆ ಎಷ್ಟೋ ಸಮಾಧಾನ, ಅಲ್ವಾ?

ಅದೇ ತಾರೀಖಿನ ಇನ್ನೊಂದು ಕಾಗದವಿದೆ. ಸೇನಾ ಮುಖ್ಯಾಲಯದ ಜನರಲ್ ಹ್ಯಾಂಡಿ ಸಹಿ ಹಾಕಿದ, ವಾಯುಪಡೆಯ ಜನರಲ್ ಸ್ಪಾಟ್ಜ್‌ಗೆ ಬರೆದ ಸೇನಾ ಆದೇಶ. ಆಗಸ್ಟ್ 3ರ ಆಸುಪಾಸಿನ ನಂತರ, ಹವೆ ತಿಳಿಯಾದ ಕೂಡಲೇ ಬಾಂಬ್ ಹಾಕಿ ಎನ್ನುತ್ತದೆ ಅದು. ಗುರಿಗಳು ನಾಲ್ಕು: ಹಿರೋಶಿಮಾ, ಕೊಕುರಾ, ನೀಗಾಟಾ, ನಾಗಾಸಾಕಿ. ನಾಲ್ಕೂ ಜನ ತುಂಬಿದ ಊರುಗಳು. ಹೆಂಗಸರು ಮಕ್ಕಳ ಮಾತೇ ಅದರಲ್ಲಿ ಇಲ್ಲ. ಆಗಸ್ಟ್ 6ರಂದು ಹಿರೋಶಿಮಾ ಸುಟ್ಟುಹೋಯಿತು. ವರ್ಷ ಮುಗಿಯುವಷ್ಟರಲ್ಲಿ ಸತ್ತವರು ಸುಮಾರು 1,40,000 ಜನ ಎಂದು ಆ ನಗರದ ಆಡಳಿತದ ಅಂದಾಜು.

ಹಾಗಾದರೆ ಟ್ರೂಮನ್ ಡೈರಿಯಲ್ಲಿ ಸುಳ್ಳು ಬರೆದರೇ? ನನಗೆ ಹಾಗನ್ನಿಸುವುದಿಲ್ಲ. ತಾನು ಏನನ್ನು ನಂಬಬೇಕಿತ್ತೋ ಅದನ್ನು ಬರೆದರು. ಡೈರಿಯಲ್ಲಿ ಮನುಷ್ಯನ ಮನಸ್ಸು ಸಿಗುತ್ತದೆ. ನಡೆದದ್ದು ಏನೆಂದು ತಿಳಿಯಲು ಪಕ್ಕದ ಕಡತವನ್ನೂ ಬಿಚ್ಚಬೇಕು.

ಮೂರನೆಯ ಕಾಗದ ಇನ್ನೊಬ್ಬರದು. ಟ್ರೂಮನ್ ಸಂಪುಟದಲ್ಲಿ ವಾಣಿಜ್ಯ ಸಚಿವರಾಗಿದ್ದ ಹೆನ್ರಿ ವ್ಯಾಲೇಸ್ ಕೂಡ ಡೈರಿ ಇಡುತ್ತಿದ್ದರು. ನಾಗಾಸಾಕಿಗೆ ಬಾಂಬ್ ಬಿದ್ದ ಮರುದಿನ, ಆಗಸ್ಟ್ 10ರಂದು ಅವರು ಬರೆದಿದ್ದಾರೆ: ಇನ್ನು ಅಣುಬಾಂಬ್ ಬೇಡ ಎಂದು ಅಧ್ಯಕ್ಷರು ತಡೆದರು. ಇನ್ನೂ ಒಂದು ಲಕ್ಷ ಜನರನ್ನು ಕೊಲ್ಲುವ ಯೋಚನೆಯೇ ಅವರಿಗೆ ಸಹಿಸಲಾಗಲಿಲ್ಲ. ಆ ಮಕ್ಕಳೆಲ್ಲ ಸಾಯುವುದು ಅವರಿಗೆ ಹಿಡಿಸಲಿಲ್ಲ. ಜುಲೈನಲ್ಲಿ ದೂರವಿಟ್ಟಿದ್ದ ಮಕ್ಕಳು ಹದಿನಾರೇ ದಿನದಲ್ಲಿ ಟ್ರೂಮನ್ ಬಾಯಲ್ಲೇ ತಿರುಗಿ ಬಂದರು. ಮೂರೂ ಕಾಗದ ಒಟ್ಟಿಗೆ ಇಟ್ಟಾಗ ನನಗೆ ನಿಜಕ್ಕೂ ಗಂಟಲು ಕಟ್ಟಿತು.

ನೀವು ಓದಲು ಶುರು ಮಾಡುವುದಾದರೆ ಮಿಸೌರಿಯ ಇಂಡಿಪೆಂಡೆನ್ಸ್ ಊರಿನ ಟ್ರೂಮನ್ ಗ್ರಂಥಾಲಯದಿಂದ ಮಾಡಿ. 1957ರಲ್ಲಿ ತೆರೆದದ್ದು. ತಾರೀಖು ಹಿಡಿದು ಹುಡುಕಿ. ಸುಮ್ನೆ ಹೆಸರು ಹಾಕಿದರೆ ಕಾಗದಗಳ ರಾಶಿಯಲ್ಲಿ ಕಳೆದುಹೋಗುತ್ತೀರಿ. ಇನ್ನೊಂದು ವಿಷಯ: ಪೆಟ್ಟಿಗೆಯಲ್ಲಿ ಏನಿಲ್ಲ ಎಂಬುದನ್ನೂ ಗಮನಿಸಿ. ಮುಂದೆ ಹೆಂಡತಿಯಾದ ಬೆಸ್‌ಗೆ ಟ್ರೂಮನ್ ಬರೆದ 1,300ಕ್ಕೂ ಜಾಸ್ತಿ ಪತ್ರಗಳು ಅಲ್ಲಿವೆ. ಬೆಸ್ ಬರೆದವು ಉಳಿದಿರುವುದು ಸುಮಾರು 180 ಮಾತ್ರ. 1911ರ ಜೂನ್‌ನಲ್ಲಿ ಟ್ರೂಮನ್ ಪತ್ರದಲ್ಲೇ ಮದುವೆಯ ಮಾತೆತ್ತಿದರು. ಬೆಸ್ ಒಪ್ಪಲಿಲ್ಲ. ಅವರು ಒಪ್ಪದ ಸಂಗತಿ ನಮಗೆ ಗೊತ್ತಾಗುವುದು ಜುಲೈನಲ್ಲಿ ಟ್ರೂಮನ್ ತಿರುಗಿ ಬರೆದ ಪತ್ರದಿಂದ.