ಪ್ರಿನ್ಸ್‌ನಲ್ಲಿ ಗೆಲ್ಲುತ್ತೇನೆ, ಕಿಂಗ್‌ನಲ್ಲಿ ಯಾಕೆ ಸೋಲುತ್ತೇನೆ?

ಪ್ರಶ್ನೆ: ಅಣ್ಣಾ, ನಾನು ಬದಿಯಡ್ಕ ಕಡೆಯವ, ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ಊರು ಕಟ್ಟಿ ರಾಜ್ಯ ಬೆಳೆಸುವ ಕಂಪ್ಯೂಟರ್ ಆಟ ಸಿವಿಲೈಸೇಶನ್ 6 ಆಡಲು ಶುರು ಮಾಡಿ ವರ್ಷದ ಮೇಲಾಯಿತು. ಪ್ರಿನ್ಸ್ ಮಟ್ಟದಲ್ಲಿ ಸಲೀಸಾಗಿ ಗೆಲ್ಲುತ್ತೇನೆ. ಅದಕ್ಕಿಂತ ಒಂದು ಮೆಟ್ಟಿಲು ಕಠಿಣವಾದ ಕಿಂಗ್‌ಗೆ ಹೋದರೆ ನೂರನೇ ಟರ್ನ್ (ಸರದಿ) ಹೊತ್ತಿಗೆ ಎಲ್ಲರೂ ನನ್ನನ್ನು ದಾಟಿ ಹೋಗಿರುತ್ತಾರೆ. ನನಗೆ ಯುದ್ಧ ಮಾಡಲಿಕ್ಕೆ ಬರುವುದಿಲ್ಲವಾ? ಸೇವ್ ಫೈಲ್, ಆಟೋಸೇವ್ ಎಲ್ಲ ಕಳಿಸಿದ್ದೇನೆ, ಒಮ್ಮೆ ನೋಡಿ. ಇನ್ನೊಂದು, ನನ್ನ ಗೆಳೆಯನ ಹತ್ತಿರ ಲ್ಯಾಪ್‌ಟಾಪ್ ಇಲ್ಲ. ಅವನಿಗೆ ಫೋನಿನಲ್ಲಿ ಆಡಲಿಕ್ಕೆ ಇಂಥದ್ದೇನಾದರೂ ಉಂಟಾ?

ಉತ್ತರ: ಆಟೋಸೇವ್‌ಗಳನ್ನೂ ಕಳಿಸಿದ್ದು ಬಹಳ ಒಳ್ಳೆಯದಾಯಿತು. 104ನೇ ಟರ್ನ್ ಒಂದನ್ನೇ ನೋಡಿದ್ದರೆ ನಾನೂ ಬೇರೇನೋ ಹೇಳುತ್ತಿದ್ದೆನೋ ಏನೋ. ನಿಮ್ಮ ಯುದ್ಧದಲ್ಲಿ ದೊಡ್ಡ ದೋಷ ಏನೂ ಇಲ್ಲ. ಬಿಲ್ಲಿನವರನ್ನು ಗುಡ್ಡದ ಮೇಲೆ ನಿಲ್ಲಿಸಿದ್ದೀರಿ, ಹೊಳೆ ಅಡ್ಡ ಇರುವ ಕಡೆಯಿಂದಲೇ ಶತ್ರು ಬರುವ ಹಾಗೆ ನೋಡಿಕೊಂಡಿದ್ದೀರಿ. ಹಿಂದೆ ಬಿದ್ದದ್ದು ಅದಕ್ಕೂ ಎಷ್ಟೋ ಮೊದಲು. ಊರು ಕಟ್ಟಬೇಕಾದ ಹೊತ್ತಿನಲ್ಲಿ ವಂಡರ್ (ದೊಡ್ಡ ಸ್ಮಾರಕ) ಕಟ್ಟುತ್ತ ಕೂತಿರಿ, ಅದೇ ಮುಖ್ಯ ಕಾರಣ.

ಮೊದಲು ಕಿಂಗ್ ಮಟ್ಟದ ಭಯ ಬಿಡಿ. ಅಲ್ಲಿ ಕಂಪ್ಯೂಟರ್ ಹೆಚ್ಚು ಬುದ್ಧಿವಂತ ಆಗುವುದಿಲ್ಲ. ಪ್ರಿನ್ಸ್‌ನಲ್ಲಿ ಆಡುವುದೂ ಅದೇ ಎಐ, ಕಿಂಗ್‌ನಲ್ಲಿ ಆಡುವುದೂ ಅದೇ. ವ್ಯತ್ಯಾಸ ಇರುವುದು ಅದಕ್ಕೆ ಸಿಗುವ ಸಹಾಯದಲ್ಲಿ: ಸೈನ್ಸ್, ಕಲ್ಚರ್, ಫೇತ್ ಶೇ. 8 ಜಾಸ್ತಿ, ಪ್ರೊಡಕ್ಷನ್ (ಊರಿನ ತಯಾರಿಸುವ ಶಕ್ತಿ) ಮತ್ತು ಗೋಲ್ಡ್ ಶೇ. 20 ಜಾಸ್ತಿ. ಎಲ್ಲಕ್ಕಿಂತ ಕಠಿಣ ಮಟ್ಟವಾದ ಡೀಟಿಯಲ್ಲಾದರೆ ಕಂಪ್ಯೂಟರ್ ರಾಜರು ಮೂರು ಸೆಟ್ಲರ್‌ಗಳೊಂದಿಗೇ (ಹೊಸ ಊರು ಕಟ್ಟುವವರು) ಆಟ ಶುರು ಮಾಡುತ್ತಾರೆ, ಅದು ಬೇರೆ ಲೆಕ್ಕ. ಕಿಂಗ್‌ನಲ್ಲಿ ಅವರಿಗೂ ನಿಮ್ಮ ಹಾಗೆ ಒಂದೇ ಸೆಟ್ಲರ್. ಸೈನ್ಸಿನಲ್ಲಿ ಶೇ. 8ರಷ್ಟು ಸಹಾಯ ಇರುವವನು ನಿಮ್ಮ ಎರಡು ಪಟ್ಟು ಸೈನ್ಸ್ ಮಾಡುತ್ತಿದ್ದರೆ, ಆ ಎರಡು ಪಟ್ಟು ಬಂದದ್ದು ಸಹಾಯದಿಂದ ಅಲ್ಲ. ಅವನ ಹತ್ತಿರ ಆರು ಊರು ಉಂಟು, ನಿಮ್ಮ ಹತ್ತಿರ ಎರಡು.

ಈಗ ನಿಮ್ಮ ಆಟಕ್ಕೆ ಬರುತ್ತೇನೆ. ಚಂದ್ರಗುಪ್ತನಾಗಿ ಆಡಿದ್ದೀರಿ, ಊರುಗಳಿಗೆ ನಮ್ಮ ಕಡೆಯ ಹೆಸರು ಇಟ್ಟಿದ್ದೀರಿ. ನೋಡಿ ಖುಷಿಯಾಯಿತು. ರಾಜಧಾನಿ ಕುಂಬಳೆ, ಎರಡನೆಯದು ಮಧೂರು, ಮೂರನೆಯದು ಬೇಕಲ. ಕುಂಬಳೆಯಲ್ಲಿ ಸ್ಟೋನ್‌ಹೆಂಜ್ ಎದ್ದಿದೆ, ಆಮೇಲೆ ಗ್ರೇಟ್ ಲೈಬ್ರರಿ. ಸ್ಟ್ಯಾಂಡರ್ಡ್ ವೇಗದಲ್ಲಿ ಸ್ಟೋನ್‌ಹೆಂಜ್‌ಗೆ 180 ಪ್ರೊಡಕ್ಷನ್ ಬೇಕು, ಗ್ರೇಟ್ ಲೈಬ್ರರಿಗೆ 400. ಎರಡೂ ಸೇರಿ 580. ಸೆಟ್ಲರ್‌ನ ಬೆಲೆ 80ರಿಂದ ಶುರುವಾಗಿ ಪ್ರತಿ ಸಲ 30 ಏರುತ್ತದೆ. ನೀವು ಆಗಲೇ ಎರಡು ತಯಾರಿಸಿದ್ದಿರಿ, ಹಾಗಾಗಿ ಮುಂದಿನ ನಾಲ್ಕರ ಬೆಲೆ 140, 170, 200, 230. ಒಟ್ಟು 740. ದುಬಾರಿ ಅನ್ನಿಸುತ್ತದೆ. ಆದರೆ ಅರ್ಲಿ ಎಂಪೈರ್ ಎಂಬ ಸಿವಿಕ್ (ಕಲ್ಚರ್‌ನಿಂದ ಕಲಿಯುವ ವಿಷಯ) ಮುಗಿದ ಕೂಡಲೇ ಕೊಲೊನೈಸೇಶನ್ ಎಂಬ ಪಾಲಿಸಿ ಕಾರ್ಡ್ ಸಿಗುತ್ತದೆ. ಅದನ್ನು ಹಾಕಿದರೆ ಸೆಟ್ಲರ್ ತಯಾರಿಗೆ ಶೇ. 50 ಹೆಚ್ಚು ಪ್ರೊಡಕ್ಷನ್. ಆಗ ಆ 740ರ ಕೆಲಸ ಸುಮಾರು 493ರಲ್ಲಿ ಮುಗಿಯುತ್ತದೆ. ಎರಡು ವಂಡರ್‌ಗೆ ಹಾಕಿದ ಪ್ರೊಡಕ್ಷನ್‌ನಲ್ಲಿ ನಾಲ್ಕು ಊರು ಕಟ್ಟಿ, ಇನ್ನೂ ಒಂದು ಬಿಲ್ಡರ್‌ಗೆ (ಹೊಲ, ಗಣಿ ಮಾಡುವವ) ಆಗುವಷ್ಟು ಉಳಿಯುತ್ತಿತ್ತು. ಆ ಕಾರ್ಡ್ ನಿಮ್ಮ ಕೈಯಲ್ಲಿ ಇತ್ತು, ನೀವು ಒಮ್ಮೆಯೂ ಹಾಕಲಿಲ್ಲ.

ಊರು ಬೇಗ ಆಗಬೇಕು ಎಂಬುದಕ್ಕೆ ಇನ್ನೊಂದು ಸಣ್ಣ ಲೆಕ್ಕ ಸಾಕು. 40ನೇ ಟರ್ನಿನಲ್ಲಿ ಕಟ್ಟಿದ ಊರು ಟರ್ನಿಗೆ ಬರೀ 5 ಪ್ರೊಡಕ್ಷನ್ ಕೊಟ್ಟರೂ ನೂರನೇ ಟರ್ನಿಗೆ 300 ಆಯಿತು. 80ನೇ ಟರ್ನಿನಲ್ಲಿ ಕಟ್ಟಿದ್ದು 100 ಕೊಡುತ್ತದೆ. ಮೊದಲನೆಯದು ಅಷ್ಟರೊಳಗೆ ತನ್ನ ಗಣಿ, ಕ್ಯಾಂಪಸ್ (ಸೈನ್ಸ್ ಕೊಡುವ ಬಡಾವಣೆ), ಲೈಬ್ರರಿ ಎಲ್ಲ ಮಾಡಿಕೊಂಡು ಐದನ್ನು ಹತ್ತು ಮಾಡಿಕೊಂಡಿರುತ್ತದೆ ಬೇರೆ. ನನ್ನ ಅಭಿಪ್ರಾಯದಲ್ಲಿ ಕಿಂಗ್ ಮಟ್ಟಕ್ಕೆ 80ನೇ ಟರ್ನಿಗೆ ಆರು ಊರು ಇರಬೇಕು. ಮೊದಲ 60 ಟರ್ನಿನಲ್ಲಿ ವಂಡರ್ ಪಟ್ಟಿಯನ್ನು ತೆರೆದು ನೋಡುವುದೇ ಬೇಡ.

ಆರಂಭದ ಕ್ರಮ ಹೀಗಿರಲಿ: ಒಂದು ಸ್ಕೌಟ್ (ಸುತ್ತಾಡಿ ನೋಡುವವ), ಒಂದು ಸ್ಲಿಂಗರ್ (ಕವಣೆಯವ), ಆಮೇಲೆ ಸೆಟ್ಲರ್, ಬಿಲ್ಡರ್, ಮತ್ತೆ ಸೆಟ್ಲರ್. ಸೆಟ್ಲರ್ ಹೊರಟಾಗ ಊರಿನ ಜನಸಂಖ್ಯೆ ಒಂದು ಕಡಿಮೆಯಾಗುತ್ತದೆ, ಹಾಗಾಗಿ ಊರು ಎರಡಕ್ಕೆ ಬೆಳೆಯುವವರೆಗೆ ಸ್ಕೌಟ್, ಸ್ಲಿಂಗರ್ ಮುಗಿಸಿಕೊಳ್ಳುವುದು ಸರಿಯಾಗುತ್ತದೆ. ಮುಂದೆ ಮ್ಯಾಗ್ನಸ್ ಎಂಬ ಗವರ್ನರ್‌ಗೆ ಪ್ರಾವಿಶನ್ ಬಡ್ತಿ ಕೊಟ್ಟರೆ ಅವನಿರುವ ಊರಿನಲ್ಲಿ ಆ ನಷ್ಟವೂ ಇಲ್ಲ.

ಇನ್ನು ಮಧೂರು. ನಿಜವಾದ ಮಧೂರು ಮಧುವಾಹಿನಿ ಹೊಳೆಯ ದಂಡೆಯಲ್ಲಿದೆ. ನಿಮ್ಮ ಆಟದ ಮಧೂರನ್ನು ನೀವು ಹೊಳೆಯಿಂದ ಮ್ಯಾಪಿನ ಎರಡು ಟೈಲ್ ದೂರ, ನೀರಿಲ್ಲದ ಬಯಲಿನಲ್ಲಿ ಕಟ್ಟಿದ್ದೀರಿ. ಕಾರಣವೂ ಗೊತ್ತಾಗುತ್ತದೆ, ಪಕ್ಕದಲ್ಲಿ ಎರಡು ಕಡೆ ಸಕ್ಕರೆ ಕಂಡಿತು. ಆದರೆ ಸಿಹಿನೀರು ಇರುವ ಊರಿಗೆ ಆರಂಭದಲ್ಲೇ 5 ಹೌಸಿಂಗ್ (ಜನರ ವಾಸಕ್ಕೆ ಜಾಗ) ಸಿಗುತ್ತದೆ, ಸಮುದ್ರದ ಬದಿಗೆ 3, ಏನೂ ಇಲ್ಲದಲ್ಲಿ 2. ಹೌಸಿಂಗ್‌ಗಿಂತ ಜನಸಂಖ್ಯೆ ಒಂದೇ ಕಡಿಮೆ ಇರುವಾಗ ಬೆಳವಣಿಗೆ ಅರ್ಧಕ್ಕಿಳಿಯುತ್ತದೆ, ಎರಡೂ ಸಮ ಆದರೆ ಕಾಲು ಭಾಗ. ಎಂದರೆ ಮಧೂರು ಹುಟ್ಟಿದ ದಿನದಿಂದಲೇ ಅರ್ಧ ವೇಗದಲ್ಲಿ ಬೆಳೆಯಿತು, ಜನಸಂಖ್ಯೆ ಎರಡಾದ ಮೇಲೆ ಹೆಚ್ಚುಕಡಿಮೆ ನಿಂತೇ ಹೋಯಿತು. ಕ್ಯಾಂಪಸ್‌ನಂಥ ಡಿಸ್ಟ್ರಿಕ್ಟ್‌ಗಳು ಜನಸಂಖ್ಯೆ 1, 4, 7, 10 ಆದಾಗ ಒಂದೊಂದಾಗಿ ಸಿಗುವುದರಿಂದ ಅಲ್ಲಿ ಎರಡನೇ ಡಿಸ್ಟ್ರಿಕ್ಟ್ ಬರಲೇ ಇಲ್ಲ. ಎರಡು ಟೈಲ್ ಆಚೆ ಹೊಳೆಯ ಬದಿಗೆ ಕಟ್ಟಿದ್ದರೂ ಆ ಸಕ್ಕರೆ ನಿಮ್ಮದೇ ಆಗುತ್ತಿತ್ತು, ಊರಿನವರು ಮೂರು ಟೈಲ್ ದೂರದವರೆಗೆ ದುಡಿಯಬಲ್ಲರು. ಈಗಿರುವ ಮಧೂರಿಗೆ ಗ್ರೇನರಿ (ಕಣಜ) ಕಟ್ಟಿ, 2 ಹೌಸಿಂಗ್ ಬರುತ್ತದೆ. ಭಾರತಕ್ಕೆ ಮಾತ್ರ ಇರುವ ಸ್ಟೆಪ್‌ವೆಲ್ (ಮೆಟ್ಟಿಲು ಬಾವಿ) ಕೂಡ ಆಹಾರ, ಹೌಸಿಂಗ್ ಎರಡನ್ನೂ ಕೊಡುತ್ತದೆ. ನೀವು ಒಂದನ್ನೂ ತೋಡಲಿಲ್ಲ!

ಕ್ಯಾಂಪಸ್ ಇಡುವ ಜಾಗದ ಬಗ್ಗೆ ಒಂದು ಮಾತು. ಪಕ್ಕದ ಪ್ರತಿ ಬೆಟ್ಟಕ್ಕೆ 1 ಸೈನ್ಸ್, ಎರಡು ಮಳೆಕಾಡಿಗೆ 1. ಊರು ಕಟ್ಟುವ ಮೊದಲೇ ಕ್ಯಾಂಪಸ್ ಎಲ್ಲಿ ಬರುತ್ತದೆ ಎಂದು ಮ್ಯಾಪಿನಲ್ಲಿ ಪಿನ್ ಚುಚ್ಚಿಡಿ. ಡಿಸ್ಟ್ರಿಕ್ಟ್ ಬೆಲೆ ನಿಮ್ಮ ಟೆಕ್ನಾಲಜಿ, ಸಿವಿಕ್ ಮುಂದುವರಿದ ಹಾಗೆ ಏರುತ್ತದೆ, ಆದರೆ ಜಾಗದಲ್ಲಿ ಇಟ್ಟ ಕ್ಷಣಕ್ಕೆ ಆ ದಿನದ ಬೆಲೆ ಗಟ್ಟಿಯಾಗುತ್ತದೆ. ಈಗ ಕಟ್ಟದಿದ್ದರೂ ಪರವಾಗಿಲ್ಲ, ಇಟ್ಟುಬಿಡಿ.

ಬೇಕಲದ ಕಥೆ ನನಗೆ ಎಲ್ಲಕ್ಕಿಂತ ಬೇಸರ ತಂದದ್ದು, ಯಾಕೆಂದರೆ ಜಾಗ ಚೆನ್ನಾಗಿತ್ತು. ಸಮುದ್ರ, ಮೀನು, ಹಿಂದೆ ಗುಡ್ಡ. ಆದರೆ ಅದು ನಿಮ್ಮ ಎದುರಾಳಿ ರೋಮಿನ ಎರಡು ಊರುಗಳ ನಡುವೆ, ಕುಂಬಳೆಯಿಂದ ಒಂಬತ್ತು ಟೈಲ್‌ಗಿಂತಲೂ ದೂರ. 2018ರಲ್ಲಿ ಬಂದ ರೈಸ್ ಆ್ಯಂಡ್ ಫಾಲ್ ಎಂಬ ವಿಸ್ತರಣೆಯಿಂದ ಈಚೆಗೆ ಪ್ರತಿ ಊರಿಗೂ ಲಾಯಲ್ಟಿ (ನಿಷ್ಠೆ) ಎಂಬುದುಂಟು. ಒಂದೊಂದು ಊರಿನ ಜನಸಂಖ್ಯೆ ಒಂಬತ್ತು ಟೈಲ್ ಒಳಗಿನ ಬೇರೆ ಊರುಗಳನ್ನು ತನ್ನ ಕಡೆಗೆ ಎಳೆಯುತ್ತದೆ, ಹತ್ತಿರ ಇದ್ದಷ್ಟೂ ಎಳೆತ ಜೋರು. ಕುಂಬಳೆಯ ಎಳೆತ ಬೇಕಲಕ್ಕೆ ಮುಟ್ಟಲೇ ಇಲ್ಲ, ರೋಮಿನದು ಪೂರ್ತಿ ಮುಟ್ಟಿತು. ಲಾಯಲ್ಟಿ ನೂರರಿಂದ ಸೊನ್ನೆಗೆ ಇಳಿದ ದಿನ ಊರು ಸ್ವತಂತ್ರವಾಯಿತು. ಅಲ್ಲಿ ನೀವು ಇಟ್ಟಿದ್ದ ಮೂವರು ಸೈನಿಕರು ಏನು ಮಾಡಿಯಾರು? ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಈ ಕರಾವಳಿಗೆ ಇಳಿದಾಗ ಬೇಕಲ ಒಂದನ್ನೇ ಕಟ್ಟಿಸಿ ಸುಮ್ಮನಾಗಲಿಲ್ಲ, ಚಂದ್ರಗಿರಿಯ ಕೋಟೆಯೂ ಅವನದೇ. ಆಟದಲ್ಲೂ ಹೀಗೆಯೇ ಸಾಲಾಗಿ ಹೋಗಬೇಕು. ಕುಂಬಳೆಗೂ ಬೇಕಲಕ್ಕೂ ನಡುವೆ ಒಂದು ಊರು ಇದ್ದಿದ್ದರೆ ಎರಡೂ ಉಳಿಯುತ್ತಿದ್ದವು. ಸೆಟ್ಲರನ್ನು ಕ್ಲಿಕ್ ಮಾಡಿದಾಗ ಮ್ಯಾಪಿನ ಮೇಲೆ ಲಾಯಲ್ಟಿ ಲೆಕ್ಕ ಕಾಣುತ್ತದೆ. ಅಲ್ಲಿ ಕೆಂಪಿನಲ್ಲಿ ದೊಡ್ಡ ಸಂಖ್ಯೆ ಕಂಡರೆ ಆ ಜಾಗ ಎಷ್ಟೇ ಚಂದ ಇದ್ದರೂ ಬಿಟ್ಟುಬಿಡಿ. ಇಷ್ಟರ ಮೇಲೂ ಕಟ್ಟಲೇಬೇಕಾದರೆ ಗವರ್ನರ್ ಒಬ್ಬನನ್ನು ಕಳಿಸಿ, ಟರ್ನಿಗೆ 8 ಲಾಯಲ್ಟಿ ಬರುತ್ತದೆ. ಮೊದಲ ಕಟ್ಟಡ ಮಾನ್ಯುಮೆಂಟ್ ಆಗಲಿ.

ಸ್ಕೌಟ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಲೇಬೇಕು. ನಿಮ್ಮ ಸ್ಕೌಟ್ 20ನೇ ಟರ್ನಿನಿಂದ ಕುಂಬಳೆಯ ಪಕ್ಕದಲ್ಲೇ ನಿದ್ದೆ ಮಾಡಿದೆ. ಅದು ತಿರುಗಾಡಿದ್ದರೆ ಎಷ್ಟು ಲಾಭ ಇತ್ತು ನೋಡಿ. ಬೇರೊಬ್ಬ ರಾಜನನ್ನು ಭೇಟಿಯಾದರೆ ರೈಟಿಂಗ್ ಟೆಕ್ನಾಲಜಿಯ ಯುರೇಕಾ, ಮೂರು ಸಿಟಿ ಸ್ಟೇಟ್ (ಒಂದೇ ಊರಿನ ಪುಟ್ಟ ರಾಜ್ಯ) ಸಿಕ್ಕಿದರೆ ಪೊಲಿಟಿಕಲ್ ಫಿಲಾಸಫಿ ಸಿವಿಕ್‌ನ ಇನ್‌ಸ್ಪಿರೇಶನ್. ಒಂದೊಂದಕ್ಕೂ ಶೇ. 40 ಕೆಲಸ ಪುಕ್ಕಟೆ. ಸಿಟಿ ಸ್ಟೇಟನ್ನು ಎಲ್ಲರಿಗಿಂತ ಮೊದಲು ಕಂಡವನಿಗೆ ಒಂದು ಎನ್ವಾಯ್ (ದೂತ) ಕೂಡ ಸಿಗುತ್ತದೆ. ಮೊದಲ ಬಿಲ್ಡರ್‌ನ ಮೂರು ಚಾರ್ಜನ್ನು ಮೂರು ಟೈಲ್‌ಗೆ ಬಳಸಿದರೆ ಕ್ರಾಫ್ಟ್ಸ್‌ಮ್ಯಾನ್‌ಶಿಪ್ ಸಿವಿಕ್ ಅರ್ಧದ ಹತ್ತಿರ ಮುಗಿದ ಹಾಗೆಯೇ. ಯುರೇಕಾ ಸಿಗುವುದು ಖಾತ್ರಿ ಇದ್ದರೆ ಆ ಟೆಕ್ನಾಲಜಿಯನ್ನು ಶೇ. 60ಕ್ಕೆ ನಿಲ್ಲಿಸಿ ಬೇರೆಯದನ್ನು ಹಿಡಿಯಿರಿ, ಉಳಿದದ್ದು ಯುರೇಕಾದಿಂದ ತಾನಾಗಿ ತುಂಬುತ್ತದೆ.

ದಾಳಿಕೋರ ಬಾರ್ಬೇರಿಯನ್‌ಗಳ ಸ್ಕೌಟ್ ನಿಮ್ಮ ಊರು ಕಂಡ ಕೂಡಲೇ ಅದರ ತಲೆ ಮೇಲೆ ಆಶ್ಚರ್ಯ ಚಿಹ್ನೆ ಬರುತ್ತದೆ. ಅದು ತನ್ನ ಬಿಡಾರಕ್ಕೆ ಮರಳಿ ಮುಟ್ಟಿದರೆ ದಾಳಿ ಶುರು. 31ನೇ ಟರ್ನಿನಲ್ಲಿ ಅದು ನಿಮ್ಮ ವಾರಿಯರ್ ಪಕ್ಕದಿಂದಲೇ ಹಾದು ಹೋಗಿದೆ, ನೀವು ಬಿಟ್ಟಿರಿ. ಆಮೇಲೆ ಹದಿನೈದು ಟರ್ನ್ ಕುದುರೆ ಸವಾರರ ಜೊತೆ ಗುದ್ದಾಡಿದ್ದೀರಿ. ಸ್ಲಿಂಗರ್‌ನಿಂದಲೇ ಅದನ್ನು ಮುಗಿಸಿದ್ದರೆ ಆರ್ಚರಿಯ ಯುರೇಕಾವೂ ಕೈಸೇರುತ್ತಿತ್ತು.

ಬೇರೆ ರಾಜರು ಮೊದಲ ಸಲ ಎದುರಾದಾಗ 25 ಗೋಲ್ಡ್ ಕೊಟ್ಟು ಡೆಲಿಗೇಶನ್ (ನಿಯೋಗ) ಕಳಿಸಿ, ಆಮೇಲೆ ಸಿಟ್ಟು ಬಂದರೆ ಅವರು ತೆಗೆದುಕೊಳ್ಳುವುದಿಲ್ಲ. ಸಕ್ಕರೆಯಂಥ ಒಂದೇ ಬಗೆಯ ಲಕ್ಷುರಿ ಎರಡು ಇದ್ದರೆ ಎರಡನೆಯದರಿಂದ ನಿಮಗೆ ಅಮೆನಿಟಿ (ಜನರ ಸಂತೋಷ) ಹೆಚ್ಚುವುದಿಲ್ಲ, ಮಾರಿಬಿಡಿ. ನಿಮ್ಮ ಎರಡನೇ ಸಕ್ಕರೆ ಸುಮ್ಮನೆ ಬಿದ್ದಿದೆ.

ಅಭ್ಯಾಸ ಹೇಗೆ ಮಾಡುವುದು ಎಂದರೆ, ಪೂರ್ತಿ ಆಟ ಆಡಬೇಡಿ. ಒಂದು ಮ್ಯಾಪಿನ ಮೊದಲ ಟರ್ನನ್ನು ಸೇವ್ ಮಾಡಿ, ಐವತ್ತು ಟರ್ನ್ ಆಡಿ, ಊರೆಷ್ಟು, ಜನಸಂಖ್ಯೆಯೆಷ್ಟು, ಟರ್ನಿಗೆ ಸೈನ್ಸ್ ಎಷ್ಟು ಎಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಅದೇ ಸೇವ್‌ಗೆ ಮರಳಿ ಬೇರೆ ಕ್ರಮದಲ್ಲಿ ಆಡಿ. ಮ್ಯಾಪ್ ಗೊತ್ತಿರುವುದರಿಂದ ಎರಡನೇ ಸಲ ಸುಲಭ ಆಗುತ್ತದೆ ನಿಜ, ಆದರೆ ಒಂದು ಸೆಟ್ಲರ್ ಹತ್ತು ಟರ್ನ್ ಮೊದಲು ಹೊರಟರೆ ಏನಾಗುತ್ತದೆ ಎಂಬುದು ಅಂಕಿಯಲ್ಲಿ ಕಣ್ಣಿಗೆ ಬೀಳುತ್ತದೆ. ರಜೆಯ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ. ಪೂರ್ತಿ ಆಟ 500 ಟರ್ನ್, ಅಷ್ಟು ಹೊತ್ತು ಕೂತು ಸೋತರೆ ಎಲ್ಲಿ ಎಡವಿದ್ದು ಎಂದು ನೆನಪೂ ಉಳಿಯುವುದಿಲ್ಲ.

ನಿಮ್ಮ ಗೆಳೆಯನಿಗೆ ಅನ್‌ಸಿವ್ ಎಂಬ ಆಟ ಹಾಕಿಕೊಳ್ಳಲು ಹೇಳಿ. ಉಚಿತ, ಓಪನ್ ಸೋರ್ಸ್, ಹಳೆಯ ಆಂಡ್ರಾಯ್ಡ್ ಫೋನಿನಲ್ಲೂ ಓಡುತ್ತದೆ. ಸಿಕ್ಕಿದ ಕಂಪ್ಯೂಟರಿನಲ್ಲಿ ಲಿನಕ್ಸ್ ಇದ್ದರೆ ಫ್ರೀಸಿವ್ ಎಂಬ ಇಂಥದ್ದೇ ಆಟ ಕೂಡ ಉಚಿತ. ಕೇರಳದ ಶಾಲೆಗಳಲ್ಲಿ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೈಟ್‌ನ ಉಬುಂಟು ಲಿನಕ್ಸ್ ಬಳಸಿ ಕಲಿತ ನಮ್ಮ ಮಕ್ಕಳಿಗೆ ಅದನ್ನು ಹಾಕಿಕೊಳ್ಳುವುದು ಕಷ್ಟವಲ್ಲ. ಒಂದು ಎಚ್ಚರಿಕೆ ಮಾತ್ರ: ಅನ್‌ಸಿವ್ ನಡೆಯುವುದು 2010ರ ಸಿವಿಲೈಸೇಶನ್ 5ರ ನಿಯಮದಲ್ಲಿ. ಅಲ್ಲಿ ಹೊಸ ಊರು ಕಟ್ಟಿದಷ್ಟೂ ಇಡೀ ರಾಜ್ಯದ ಹ್ಯಾಪಿನೆಸ್ ಇಳಿಯುತ್ತದೆ, ಸೆಟ್ಲರ್ ತಯಾರಾಗುವಷ್ಟು ಕಾಲ ಆ ಊರು ಬೆಳೆಯುವುದಿಲ್ಲ. ನಾನು ಮೇಲೆ ಹೇಳಿದ ಆರು ಊರಿನ ಲೆಕ್ಕವನ್ನು ಅವನು ಅಲ್ಲಿ ಹಾಕಿದರೆ ಕೆಡುತ್ತದೆ. ಟ್ರೆಡಿಶನ್ ಪಾಲಿಸಿ ಹಿಡಿದು, ಹೊಳೆ ಬದಿಗೆ ನಾಲ್ಕು ಊರು ಕಟ್ಟಿ, ಅವನ್ನೇ ದೊಡ್ಡದು ಮಾಡಲಿ.