ಹದಿನಾರರ ಆಚೆಯ ಅಕ್ಷರ ಎಲ್ಲಿಗೆ ಹೋಯಿತು?

ಪ್ರಶ್ನೆ: ಅಡಕೆ ತೋಟದ ಪಂಪಿಗೆ ಆರ್ಡುಯಿನೊ (ಸಣ್ಣ ಕಂಪ್ಯೂಟರ್ ಬೋರ್ಡು) ಕೂರಿಸಿ, ಸಾಲಿಗೆ 16 ಅಕ್ಷರದಂತೆ ಎರಡು ಸಾಲು ತೋರಿಸುವ 16×2 ಎಲ್‌ಸಿಡಿ ಜೋಡಿಸಿದ್ದೇನೆ. 'ಪಂಪ್ ಚಾಲು ಕರೆಂಟ್ ಉಂಟು' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆಸಿದರೆ 'ಪಂಪ್ ಚಾಲು ಕರೆ' ಎಂಬಲ್ಲಿಗೆ ನಿಲ್ಲುತ್ತದೆ. ಕೆಳಗಿನ ಸಾಲು ಖಾಲಿ. ಉಳಿದದ್ದು ಎಲ್ಲಿ? (ಪೆರ್ಲದ ಓದುಗರೊಬ್ಬರು)

ಎಲ್ಲಿಗೂ ಹೋಗಿಲ್ಲ, ಚಿಪ್ಪಿನೊಳಗೇ ಉಂಟು. ನಿಮಗೆ ಕಾಣುತ್ತಿಲ್ಲ, ಅಷ್ಟೆ.

ಈ ಡಿಸ್‌ಪ್ಲೇಗಳ ಹಿಂದೆ ಇರುವುದು ಹಿಟಾಚಿಯ ಎಚ್‌ಡಿ44780 ಅಥವಾ ಅದೇ ಆಜ್ಞೆಗಳನ್ನು ಪಾಲಿಸುವ ಇನ್ನೊಂದು ಚಿಪ್. ಅದಕ್ಕೆ ಎದುರಿನ ಗಾಜು ಎಷ್ಟು ಅಗಲ ಎಂದು ಗೊತ್ತೇ ಇಲ್ಲ. ಅದರ ಬಳಿ 80 ಅಕ್ಷರಕ್ಕೆ ಜಾಗ ಉಂಟು, ಎರಡು ಸಾಲಾದರೆ ಸಾಲಿಗೆ 40.

ನಮ್ಮ ಕಡೆಯ ಊಟದ ಹಂತಿಯನ್ನು ನೆನೆಸಿಕೊಳ್ಳಿ. ಎರಡು ಹಂತಿ, ಒಂದೊಂದರಲ್ಲಿ 40 ಎಲೆ. ನೀವು ಕಿಟಕಿಯಿಂದ ನೋಡುತ್ತಿದ್ದೀರಿ, ಕಾಣುವುದು ಮೊದಲ 16 ಎಲೆ ಮಾತ್ರ. ಬಡಿಸುವವರು ನಿಮ್ಮ ಕಿಟಕಿ ಮುಗಿಯಿತೆಂದು ನಿಲ್ಲುತ್ತಾರಾ? ಮೊದಲ ಹಂತಿಯ ಕೊನೆಯವರೆಗೂ ಹೋಗಿ, ಆಮೇಲೇ ಎರಡನೆಯದಕ್ಕೆ ಬರುತ್ತಾರೆ. ನಿಮ್ಮ ವಾಕ್ಯ ಇಂಗ್ಲಿಷಿನಲ್ಲಿ 23 ಅಕ್ಷರ. ಕೊನೆಯ ಏಳು ಕಿಟಕಿಯ ಆಚೆ ಕೂತಿವೆ. ನಂಬಿಕೆ ಬಾರದಿದ್ದರೆ 41 ಅಕ್ಷರ ಬರೆಸಿ ನೋಡಿ, ಕೊನೆಯದು ಕೆಳಗಿನ ಸಾಲಿನ ಮೊದಲಲ್ಲಿ ಹಾಜರು!

ಹಾಗಾದರೆ ಕೆಳಗಿನ ಸಾಲಿಗೆ ಹೋಗುವುದು ಹೇಗೆ? 192 ಎಂಬ ಆಜ್ಞೆ ಕಳಿಸಬೇಕು. ಹೆಕ್ಸ್, ಅಂದರೆ ಹದಿನಾರರ ಲೆಕ್ಕದಲ್ಲಿ ಇದೇ ಸಿ0. ಇದನ್ನು ಬಾಯಿಪಾಠ ಮಾಡಿದವರು ಬಹಳ ಮಂದಿ, ಯಾಕೆಂದು ಕೇಳಿದವರು ಕಡಿಮೆ. ಆಜ್ಞೆ ಎಂದರೆ ಎಂಟು ಬಿಟ್, ಅಂದರೆ 0 ಅಥವಾ 1 ಕೂರುವ ಎಂಟು ಮನೆ. ಎಡದಿಂದ ಮೊದಲು ಸಿಗುವ 1 ಎಲ್ಲಿದೆ ಎಂಬುದರ ಮೇಲೆ ಅದು ಯಾವ ಆಜ್ಞೆ ಎಂದು ಚಿಪ್ ತಿಳಿಯುತ್ತದೆ. ಒಟ್ಟು ಸಂಖ್ಯೆ 1 ಬಂದರೆ ಪರದೆ ಒರೆಸು. 2 ಅಥವಾ 3 ಬಂದರೆ ಮೊದಲ ಜಾಗಕ್ಕೆ ಮರಳು. 8ರಿಂದ 15ರವರೆಗೆ ಡಿಸ್‌ಪ್ಲೇ, ಕರ್ಸರ್ ಆನ್-ಆಫ್ ಮಾಡುವುದಕ್ಕೆ. 128 ಮತ್ತು ಮೇಲಿನದೆಲ್ಲ 'ಇಂಥ ಎಲೆಗೆ ಹೋಗು' ಎಂಬ ಆಜ್ಞೆ. ಮೊದಲ ಸಾಲಿನ ಎಲೆಗಳ ನಂಬರು 0ಯಿಂದ 39, ಆದರೆ ಎರಡನೇ ಸಾಲಿನದು 40ರಿಂದ ಶುರುವಾಗುವುದಿಲ್ಲ, 64ರಿಂದ. 128ಕ್ಕೆ 64 ಕೂಡಿಸಿ, 192 ಆಯಿತಲ್ವಾ? ಆರ್ಡುಯಿನೊದ 'ಸೆಟ್‌ಕರ್ಸರ್ (0, 1)' ಒಳಗೊಳಗೆ ಕಳಿಸುವುದೂ ಇದನ್ನೇ.

ಆದರೆ ಇದು ಆಜ್ಞೆಯಾಗುವುದು ಆರ್‌ಎಸ್ ಪಿನ್ (ಬಂದದ್ದು ಆಜ್ಞೆಯೋ ಅಕ್ಷರವೋ ಎಂದು ಚಿಪ್ಪಿಗೆ ತಿಳಿಸುವ ಕಾಲು) ಸೊನ್ನೆಯಲ್ಲಿದ್ದಾಗ ಮಾತ್ರ. ಆರ್‌ಎಸ್ 1ರಲ್ಲಿದ್ದರೆ ಅದೇ 192 ಒಂದು ಅಕ್ಷರ. ಜಪಾನಿ ಅಕ್ಷರಮಾಲೆಯ ಚಿಪ್ಪಾದರೆ ಅವರ 'ತ' ಮೂಡುತ್ತದೆ. ಪರದೆಯಲ್ಲಿ ಇದ್ದಕ್ಕಿದ್ದಂತೆ ಜಪಾನಿ ಕಂಡರೆ ಮೊದಲು ಆ ವೈರನ್ನು ನೋಡಿ.

ಕಿಟಕಿಯನ್ನೇ ಸರಿಸುವುದೂ ಆಗುತ್ತದೆ. 24 ಎಂಬ ಆಜ್ಞೆಗೆ ಬರಹ ಒಂದು ಮನೆ ಎಡಕ್ಕೆ ಸರಿಯುತ್ತದೆ. ಏಳು ಸಲ ಕಳಿಸಿದರೆ ನಿಮ್ಮ 'ಉಂಟು' ಪೂರ್ತಿ ಕಾಣುತ್ತದೆ. ಆದರೆ ಎರಡೂ ಸಾಲು ಒಟ್ಟಿಗೇ ಸರಿಯುತ್ತವೆ, ಒಂದನ್ನೇ ಓಡಿಸಲು ಈ ಆಜ್ಞೆಯಿಂದ ಆಗದು.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಒರೆಸುವ ಆಜ್ಞೆ ನಿಧಾನ. ಅಕ್ಷರ ಬರೆಯಲು ಸುಮಾರು 37 ಮೈಕ್ರೋಸೆಕೆಂಡ್ ಸಾಕು, ಇದಕ್ಕೆ 1.52 ಮಿಲಿಸೆಕೆಂಡ್ ಬೇಕು. ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬಳಸಿದರೆ ಅದೇ ಕಾಯುತ್ತದೆ, ಸ್ವಂತ ಕೋಡ್ ಬರೆದರೆ ನೀವೇ ಕಾಯಿಸಬೇಕು. ಇಲ್ಲದಿದ್ದರೆ ಮೊದಲ ಅಕ್ಷರಗಳು ನುಂಗಿಹೋಗುತ್ತವೆ. ಪ್ರತಿ ಸೆಕೆಂಡಿಗೂ ಸುಮ್ನೆ ಒರೆಸುತ್ತಿದ್ದರೆ ಪರದೆ ಮಿಣುಕುತ್ತದೆ. ಹಳೆಯದರ ಮೇಲೆಯೇ ಬರೆಯಿರಿ, ಉಳಿದ ಜಾಗಕ್ಕೆ ಖಾಲಿ ಅಕ್ಷರ ತುಂಬಿಸಿ. ನಿಮ್ಮ ಪಂಪಿಗೆ ಮೇಲೆ 'ಪಂಪ್ ಚಾಲು', ಕೆಳಗೆ 'ಕರೆಂಟ್ ಉಂಟು' ಸಾಕು. ಕರೆಂಟ್ ಹೋದಾಗ ಏನು ತೋರಿಸಬೇಕೆಂದು ಮಾತ್ರ ಕೇಳಬೇಡಿ, ಬ್ಯಾಟರಿ ಇಲ್ಲದಿದ್ದರೆ ಡಿಸ್‌ಪ್ಲೇಯೂ ಹೋಗಿರುತ್ತದೆ.