ಸಕ್ಕರೆ ಕಾಯಿಲೆಯವರ ವರದಿಯಲ್ಲಿ ಸಿಆರ್‌ಪಿ: ಯಾವಾಗ ನಂಬಬೇಕು?

ಹೆಲ್ತ್ ಚೆಕಪ್ ಪ್ಯಾಕೇಜುಗಳ ವರದಿಯಲ್ಲಿ ಈಗ ‘ಎಚ್‌ಎಸ್-ಸಿಆರ್‌ಪಿ’ (ಸಿ-ರಿಯಾಕ್ಟಿವ್ ಪ್ರೋಟೀನನ್ನು ಅತಿ ಸಣ್ಣ ಪ್ರಮಾಣದಲ್ಲೂ ಅಳೆಯುವ ಪರೀಕ್ಷೆ) ಎಂಬ ಸಾಲು ಇರುವುದು ಮಾಮೂಲು. ಎದುರಿಗೆ ‘ಹೈ ರಿಸ್ಕ್’ ಎಂದಿದ್ದರೆ ಸಕ್ಕರೆ ಕಾಯಿಲೆಯವರು ಹಾರ್ಟ್ ಅಟ್ಯಾಕ್ ಬಂದೇಬಿಟ್ಟಿತು ಎಂದು ಕಂಗಾಲಾಗುತ್ತಾರೆ.

ಸಿಆರ್‌ಪಿ ಯಕೃತ್ತಿನಲ್ಲಿ ತಯಾರಾಗುವ ಪ್ರೋಟೀನ್, ದೇಹದಲ್ಲಿ ಉರಿಯೂತವಿದ್ದರೆ ಏರುತ್ತದೆ. ಹೊಟ್ಟೆಯ ಕೊಬ್ಬು ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಸ್ತುವನ್ನು ರಕ್ತಕ್ಕೆ ಬಿಡುತ್ತದೆ, ಅದರಿಂದ ಯಕೃತ್ತು ಸಿಆರ್‌ಪಿಯನ್ನು ಹೆಚ್ಚಿಸುತ್ತದೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ದಾಟಿದವರಲ್ಲಿ ಇದು ಸಾಮಾನ್ಯ. ಇಂಥದೇ ಉರಿಯೂತ ರಕ್ತನಾಳದ ಗೋಡೆಯಲ್ಲಿದ್ದರೆ ಅಲ್ಲಿ ಕೂತ ಕೊಬ್ಬಿನ ಗಡ್ಡೆಯ ಮೇಲ್ಪದರ ತೆಳುವಾಗಿ ಒಡೆದು ರಕ್ತ ಹೆಪ್ಪುಗಟ್ಟಬಹುದು. ಸಿಆರ್‌ಪಿ ತಾನೇ ನಾಳವನ್ನು ಕೆಡಿಸುವುದಿಲ್ಲ. ಒಳಗೆ ಏನೋ ನಡೆದಿದೆ ಎಂದಷ್ಟೇ ಹೇಳುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ.

ಈ ಅಂಕಿ ಲೀಟರಿಗೆ 1 ಮಿ.ಗ್ರಾಂಗಿಂತ ಕಡಿಮೆಯಿದ್ದರೆ ಹೃದಯದ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3ಕ್ಕಿಂತ ಮೇಲೆ ಹೆಚ್ಚು. 10 ದಾಟಿದರೆ ಅದು ಹೃದಯದ ಲೆಕ್ಕವಲ್ಲ, ಸೋಂಕನ್ನೋ ಗಾಯವನ್ನೋ ಹುಡುಕಬೇಕು. ಕೆಲವು ಲ್ಯಾಬುಗಳು ಡೆಸಿಲೀಟರ್ ಲೆಕ್ಕದಲ್ಲಿ ಬರೆಯುತ್ತವೆ; ಅಲ್ಲಿನ 0.4 ಎಂದರೆ ಲೀಟರಿಗೆ 4. ‘5ಕ್ಕಿಂತ ಕಡಿಮೆ’ ಎಂದು ಮುಗಿಸುವ ಮಾಮೂಲಿ ಸಿಆರ್‌ಪಿ ಪರೀಕ್ಷೆ ಈ ಕೆಲಸಕ್ಕೆ ಬಾರದು. ಇಎಸ್‌ಆರ್ ಎಂಬ ಇನ್ನೊಂದು ಉರಿಯೂತ ಪರೀಕ್ಷೆಯ ಅಂಕಿಯಂತೂ ರಕ್ತಹೀನತೆಗೂ ವಯಸ್ಸಿಗೂ ಏರುತ್ತದೆ, ಅದನ್ನು ಹೃದಯಕ್ಕೆ ತಳಕು ಹಾಕಬೇಡಿ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹೆಚ್ಚು ಎಡವಟ್ಟಾಗುವುದು ರಕ್ತ ಕೊಡುವ ಸಮಯದಲ್ಲಿ. ಮಳೆಗಾಲದ ಡೆಂಗಿ, ಇಲಿಜ್ವರ, ಶಿರಸಿ-ಸಿದ್ದಾಪುರ ಕಡೆ ಬೇಸಿಗೆಯ ಮಂಗನಕಾಯಿಲೆ, ಬರೀ ನೆಗಡಿಯಾದರೂ ಸರಿ, ಅಂಕಿ ಏರುತ್ತದೆ. ಜ್ವರ ಬಿಟ್ಟು ಮೂರು ವಾರವಾದರೂ ಕಳೆಯಲಿ. ಎರಡು ವಾರದ ಅಂತರದಲ್ಲಿ ಎರಡು ಸಲ ಮಾಡಿಸಿ ಸರಾಸರಿ ನೋಡುವುದು ಸರಿಯಾದ ಕ್ರಮ. ಉಪವಾಸ ಬೇಕಿಲ್ಲ. ಗದ್ದೆಗೆ ಇಳಿಯುವವರ ಬೆರಳ ಸಂದಿನ ಕೆಸರುಹುಣ್ಣು, ಶುಗರಿನಿಂದ ಸ್ಪರ್ಶ ಹೋದ ಪಾದದಲ್ಲಿ ಗೊತ್ತೇ ಆಗದ ಗಾಯ ಇವೆಯೇ ಎಂದು ಮೊದಲು ನೋಡಿ. ವಸಡನ್ನೂ ನೋಡಿಸಿ. ಹೊಗೆಸೊಪ್ಪು ಹಾಕಿ ಕವಳ ಜಗಿಯುವವರಲ್ಲಿ ವಸಡು ಜರಿದು ಕೀವು ತುಂಬಿದ್ದರೆ ಸಿಆರ್‌ಪಿಯೂ ಶುಗರೂ ಎರಡೂ ಏರುತ್ತವೆ. ಹಲ್ಲಿನ ವೈದ್ಯರು ಪಾಚಿ ತೆಗೆದು ಶುಚಿ ಮಾಡಿದ ಮೇಲೆ ಎರಡೂ ಸ್ವಲ್ಪ ಇಳಿಯುವುದುಂಟು.

ಇಷ್ಟಾದರೂ 3ರ ಮೇಲೇ ಉಳಿದರೆ? ಹೆಚ್ಚಿನವರಲ್ಲಿ ಚಿಕಿತ್ಸೆ ಬದಲಾಗುವುದಿಲ್ಲ. ಟೈಪ್ 2 ಸಕ್ಕರೆ ಕಾಯಿಲೆ ಇದ್ದು 40 ದಾಟಿದವರಿಗೆ ಸಿಆರ್‌ಪಿ ಎಷ್ಟೇ ಇರಲಿ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕು; ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಡೆಸಿಲೀಟರಿಗೆ 70 ಮಿ.ಗ್ರಾಂಗಿಂತ ಕೆಳಗಿರಬೇಕು, ಹೃದ್ರೋಗ ಆಗಲೇ ಇದ್ದರೆ 55ಕ್ಕಿಂತ. ಸ್ಟ್ಯಾಟಿನ್ ಸಿಆರ್‌ಪಿಯನ್ನೂ ಇಳಿಸುತ್ತದೆ. ಸಿಆರ್‌ಪಿ ಚೆನ್ನಾಗಿದೆ ಎಂದು ಅದನ್ನು ನಿಲ್ಲಿಸುವುದು ನಿಜವಾದ ತಪ್ಪು.

ಉರಿಯೂತಕ್ಕೇ ನೇರವಾಗಿ ಔಷಧ ಕೊಡುವ ಪ್ರಯತ್ನಗಳೂ ನಡೆದಿವೆ. 2017ರ ಕ್ಯಾಂಟೋಸ್ ಅಧ್ಯಯನದಲ್ಲಿ ಉರಿಯೂತ ತಗ್ಗಿಸುವ ಕನಾಕಿನುಮಾಬ್ ಇಂಜೆಕ್ಷನ್ ಹೃದಯಾಘಾತದಂಥ ಘಟನೆಗಳನ್ನು ಸುಮಾರು ಶೇ. 15ರಷ್ಟು ಇಳಿಸಿತು, ಆದರೆ ಪ್ರಾಣಾಂತಿಕ ಸೋಂಕು ಹೆಚ್ಚಿತು. 2018ರಲ್ಲಿ, ಹೃದ್ರೋಗದ ಜೊತೆಗೆ ಸಕ್ಕರೆ ಕಾಯಿಲೆಯೋ ಮೆಟಬಾಲಿಕ್ ಸಿಂಡ್ರೋಮೋ (ಹೊಟ್ಟೆಯ ಕೊಬ್ಬು, ಬಿಪಿ, ಶುಗರಿನಂಥವು ಒಟ್ಟಿಗೆ ಏರಿದ ಸ್ಥಿತಿ) ಇದ್ದವರಿಗೆ ಸಂಧಿವಾತದ ಔಷಧ ಮೆಥೊಟ್ರೆಕ್ಸೇಟ್ ಕೊಟ್ಟು ನೋಡಿದಾಗ ಲಾಭ ಕಾಣಲಿಲ್ಲ. ಗೌಟ್ ನೋವಿಗೆ ಕೊಡುವ ಕಾಲ್ಚಿಸಿನ್ 0.5 ಮಿ.ಗ್ರಾಂ ಹಳೆಯ ಹೃದ್ರೋಗಿಗಳಲ್ಲಿ 2020ರಲ್ಲಿ ಉಪಯೋಗ ತೋರಿಸಿತು, ಹೃದಯಾಘಾತವಾದ ತಕ್ಷಣ ಕೊಟ್ಟ 2024ರ ಅಧ್ಯಯನದಲ್ಲಿ ತೋರಿಸಲಿಲ್ಲ. ಕಿಡ್ನಿ ಸೋತವರಿಗಂತೂ ಅದು ಅಪಾಯ. ಉರಿಯೂತವೆಂದು ಅಂಗಡಿಯಿಂದ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ತಂದು ನುಂಗುವುದು ಇನ್ನೂ ಕೆಟ್ಟದ್ದು: ಕಿಡ್ನಿಗೂ ಹೃದಯಕ್ಕೂ ಪೆಟ್ಟು.

ಪ್ಯಾಕೇಜಿನಲ್ಲಿ ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ (ಕಿಡ್ನಿಯಿಂದ ಪ್ರೋಟೀನ್ ಸೋರುತ್ತಿದೆಯೇ ಎಂದು ತಿಳಿಸುವ ಪರೀಕ್ಷೆ) ಇದೆಯೇ ನೋಡಿ. ಅದು ಗ್ರಾಂಗೆ 30 ಮಿ.ಗ್ರಾಂ ದಾಟಿದರೆ ಕಿಡ್ನಿಯ ಜೊತೆ ಹೃದಯಕ್ಕೂ ಅಪಾಯ ಹೆಚ್ಚು, ಮಾತ್ರೆಗಳ ಆಯ್ಕೆಯೂ ಬದಲಾಗುತ್ತದೆ. ಕೈಯಲ್ಲಿರುವ ದುಡ್ಡು ಒಂದೇ ಪರೀಕ್ಷೆಗೆ ಸಾಲುವುದಾದರೆ ಸಿಆರ್‌ಪಿ ಬಿಟ್ಟು ಇದನ್ನು ಮಾಡಿಸಿ.